ಆಳದ ನೀರಿನಲ್ಲಿ ಹರಟೆ

ಮಾಲ್ಟಾ ದ್ವೀಪದ ನೈಋತ್ಯ ಅಂಚಿನಲ್ಲಿ, ಸಿಜ್ಜೀವಿ ಎಂಬ ಊರಿನಿಂದ ಕೆಳಗಿಳಿದರೆ, ಬಂಡೆಗಳ ನಡುವೆ ಸಮುದ್ರ ಒಂದು ಬೊಗಸೆಯಷ್ಟು ಒಳಬಂದು ನಿಂತಿದೆ. ಜಾಗದ ಹೆಸರು ಆರ್ ಲಪ್ಸಿ. ಮಾಲ್ಟೀಸ್ ಭಾಷೆ ಅರಬ್ಬಿಯ ಬಳ್ಳಿಯದು, ಬರೆಯುವುದು ಮಾತ್ರ ರೋಮನ್ ಲಿಪಿಯಲ್ಲಿ. ಅದರಲ್ಲಿ ‘ಆರ್’ ಎಂದರೆ ಗವಿ. ‘ಲಪ್ಸಿ’ ಎಂದರೆ ಯೇಸು ಸ್ವರ್ಗಕ್ಕೇರಿದ ಹಬ್ಬ, ಈಸ್ಟರ್‌ನಿಂದ ಲೆಕ್ಕ ಹಾಕಿದರೆ 40ನೆಯ ದಿನ ಬರುವಂಥದು. ಆ ಹಬ್ಬ ಕಳೆದ ಮೇಲೆಯೇ ಸಮುದ್ರಕ್ಕಿಳಿಯಬೇಕು ಎನ್ನುವುದು ಹಳಬರ ಲೆಕ್ಕವಂತೆ. ಹಾಗೆಂದು ಹೇಳಿದವರು ಬಂಡೆಯ ಮೇಲೆ ಟವೆಲ್ ಹಾಸಿಕೊಂಡು ಕೂತಿದ್ದ ಒಬ್ಬ ಅಜ್ಜಿ. ಹೇಳಿದವರೇ ಎದ್ದು, ಕಬ್ಬಿಣದ ಏಣಿ ಹಿಡಿದು, ನಮ್ಮೂರಿನ ಮುದುಕಿಯರು ಅಟ್ಟದಿಂದ ಇಳಿಯುವ ಹಾಗೆ ಹಿಮ್ಮುಖವಾಗಿ ನೀರಿಗಿಳಿದರು.

ಇಲ್ಲಿ ಮರಳಿಲ್ಲ. ಸುಣ್ಣಕಲ್ಲಿನ ಬಂಡೆ, ಅದನ್ನು ಸಮುದ್ರ ಕೊರೆದು ಮಾಡಿದ ಸಣ್ಣ ಗವಿಗಳು, ಪಕ್ಕದಲ್ಲಿ ಮೀನುಗಾರರ ಬಣ್ಣದ ದೋಣಿಗಳು, ಅಷ್ಟೆ. ಮೆಡಿಟರೇನಿಯನ್‌ನಲ್ಲಿ ಉಬ್ಬರವಿಳಿತ ಬಹಳ ಕಡಿಮೆ. ಹಾಗಾಗಿ ಬೆಳಗ್ಗೆ ನೀರಿನಲ್ಲಿದ್ದ ಮೆಟ್ಟಿಲು ಸಂಜೆಗೂ ನೀರಿನಲ್ಲೇ ಇರುತ್ತದೆ. ತೆರೆ ಅಬ್ಬರಿಸದ ದಿನ ಇದನ್ನು ಸಮುದ್ರ ಎನ್ನುವುದಕ್ಕಿಂತ ದೊಡ್ಡ ಬಾವಿ ಎನ್ನಬಹುದು. ನನಗೆ ಕಷ್ಟವಾದದ್ದೂ ಅದೇ ಕಾರಣಕ್ಕೆ.

ನಾನು ಚಿತ್ರದುರ್ಗದ ಕಡೆಯವಳು. ನಮ್ಮ ಹೊಲದ ಬಾವಿಯಲ್ಲಿ ಬೇಸಿಗೆ ಬಂತೆಂದರೆ ಹುಡುಗರದೇ ರಾಜ್ಯ. ಬೆನ್ನಿಗೆ ಬೆಂಡು ಕಟ್ಟಿಸಿಕೊಂಡು ಕಲಿತವರು ಮುಂದಿನ ವರ್ಷ ಮೇಲಿನ ಕಟ್ಟೆಯಿಂದಲೇ ಹಾರುತ್ತಿದ್ದರು. ಹುಡುಗಿಯರು ಬಾವಿಗೆ ಹೋಗುತ್ತಿದ್ದದ್ದು ಬಿಂದಿಗೆ ಹಿಡಿದು. ಮಾತಿನಲ್ಲೂ ಈ ಭೇದ ಇತ್ತು. ಗಂಡಸು ಬಾವಿಗೆ ಹಾರಿದ ಎಂದರೆ ಈಜಲು ಎಂದರ್ಥ. ಹೆಂಗಸು ಬಾವಿಗೆ ಹಾರಿದಳು ಎಂದರೆ ಊರು ಓಡಿ ಬರುತ್ತಿತ್ತು. ‘ಕೆರೆನೋ ಬಾವಿನೋ ನೋಡ್ಕೋತೀನಿ’ ಎಂದು ಜಗಳದಲ್ಲಿ ಹೇಳುತ್ತಿದ್ದವರು ಹೆಂಗಸರೇ. ಕನ್ನಡದ ಹೆಸರಾಂತ ಜನಪದ ಕಥನಗೀತೆ ‘ಕೆರೆಗೆ ಹಾರ’ದಲ್ಲಿ ಕೆರೆಗೆ ನೀರು ಬರಲೆಂದು ಬಲಿಯಾಗುವವಳು ಮನೆಯ ಕಿರಿಯ ಸೊಸೆ ಭಾಗೀರಥಿ. ಶಾಲೆಯಲ್ಲಿ ಅದನ್ನು ಓದಿಸಿದಾಗ ನಮ್ಮ ಮೇಷ್ಟ್ರು ತ್ಯಾಗದ ಬಗ್ಗೆ ಮಾತಾಡಿದ್ದರು. ನನಗೆ ನೆನಪಾದದ್ದು ಅವ್ವನ ತಂಗಿ. ನಾನು ಹುಟ್ಟುವ ಮೊದಲೇ ಆ ಚಿಕ್ಕಮ್ಮ ಹೊಲದ ಬಾವಿಯಲ್ಲಿ ಸಿಕ್ಕಿದ್ದಳು. ಆಮೇಲೆ ಮನೆಯವರು ಆ ನೀರು ಕುಡಿಯುವುದನ್ನು ಬಿಟ್ಟರು. ಹುಡುಗರು ಈಜುವುದನ್ನು ಬಿಡಲಿಲ್ಲ.

ಆರ್ ಲಪ್ಸಿಗೆ ನನ್ನನ್ನು ಕರೆದುಕೊಂಡು ಹೋದವಳು ನನ್ನ ತಂಗಿ. ಮೂರು ವರ್ಷದಿಂದ ಅಲ್ಲಿ ನರ್ಸ್ ಆಗಿದ್ದಾಳೆ. ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೆ ಬರುತ್ತಾಳಂತೆ. ಅವಳು ನೀರಿಗಿಳಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ತಲೆ ಮುಳುಗಿದಾಗ ನನ್ನ ಕೈ ತಾನಾಗಿ ಮುಂದೆ ಹೋಯಿತು. ಅವಳು ಹತ್ತು ಮಾರು ಆಚೆ ಎದ್ದು ನಗುತ್ತಿದ್ದಳು.

ನಾನು ಬಂಡೆಯ ಮೇಲೆಯೇ ಕೂತೆ. ಎದುರಿಗೆ ಫಿಲ್‌ಫ್ಲಾ ಎಂಬ ಪುಟ್ಟ ದ್ವೀಪ ಕಾಣುತ್ತದೆ. ಬ್ರಿಟಿಷ್ ಸೇನೆಯವರು 1971ರವರೆಗೂ ಅದನ್ನು ಗುರಿಯಾಗಿಟ್ಟುಕೊಂಡು ಗುಂಡು, ಬಾಂಬು ಹಾಕಿ ಅಭ್ಯಾಸ ಮಾಡುತ್ತಿದ್ದರು. 1988ರಲ್ಲಿ ಅದು ರಕ್ಷಿತ ತಾಣವಾಯಿತು, ಈಗ ಅಪ್ಪಣೆಯಿಲ್ಲದೆ ಯಾರೂ ಕಾಲಿಡುವಂತಿಲ್ಲ. ಕಡಲಹಕ್ಕಿಗಳು ಅಲ್ಲಿ ಗೂಡು ಕಟ್ಟುತ್ತವೆ. ಈಚೆ ದಡದಲ್ಲಿ ಇನ್ನೊಂದು ಅಚ್ಚರಿ. ಮಾಲ್ಟಾದಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಅದಕ್ಕೇ 1980ರ ದಶಕದ ಆರಂಭದಲ್ಲಿ ಇದೇ ಆರ್ ಲಪ್ಸಿಯಲ್ಲಿ ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುವ ನೀರು ಮಾಡುವ ಸ್ಥಾವರ ಕಟ್ಟಿದರು. ನಮ್ಮ ಬಯಲುಸೀಮೆಯಷ್ಟೇ ನೀರಿಗೆ ಬಾಯಾರಿದ ನೆಲ. ಆದರೂ ಇಲ್ಲಿಯ ಹೆಣ್ಣುಮಕ್ಕಳಿಗೆ ನೀರೆಂದರೆ ಬರೀ ಬಿಂದಿಗೆಯಲ್ಲ.

ನೀರಿನ ನಡುವೆ ನಾಲ್ವರು ವಯಸ್ಸಾದ ಹೆಂಗಸರಿದ್ದರು. ಒಬ್ಬರ ತಲೆಗೆ ಹುಲ್ಲಿನ ಟೋಪಿ. ಅವರು ಈಜುತ್ತಲೂ ಇರಲಿಲ್ಲ. ನೆಟ್ಟಗೆ ನಿಂತಂತೆ ತೇಲುತ್ತಾ, ಕೈಯನ್ನು ಮಾತ್ರ ಮೆಲ್ಲಗೆ ಆಡಿಸುತ್ತಾ, ಹರಟೆ ಹೊಡೆಯುತ್ತಿದ್ದರು. ಜಗಲಿಕಟ್ಟೆಯ ಮೇಲೆ ಅವರೆಕಾಯಿ ಸುಲಿಯುವಾಗಿನ ಮಾತಿನ ಲಯವೇ. ಕಾಲಡಿಯಲ್ಲಿ ನೆಲವಿಲ್ಲ ಎನ್ನುವುದು ಅವರಿಗೆ ಒಂದು ವಿಷಯವೇ ಆಗಿರಲಿಲ್ಲ. ಅವರು ನೀರು ಸೇದಲು ಬಂದವರಲ್ಲ, ಬಟ್ಟೆ ಒಗೆಯಲು ಬಂದವರಲ್ಲ, ಸಾಯಲು ಬಂದವರಲ್ಲ. ಹಾಗೆ ಯಾವ ಕೆಲಸವೂ ಇಲ್ಲದೆ ಆಳದ ನೀರಿನಲ್ಲಿ ಇರುವ ಹೆಂಗಸರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

‘ಅಕ್ಕಾ, ಏಣಿ ಹಿಡ್ಕೊಂಡೇ ಇಳಿ. ನಾನಿದೀನಲ್ಲ’ ಎಂದಳು ತಂಗಿ.

ಇಳಿದೆ. ನೀರು ನಾನೆಣಿಸಿದ್ದಕ್ಕಿಂತ ತಣ್ಣಗಿತ್ತು, ತುಟಿಗೆ ತಾಗಿದ ಉಪ್ಪು ಖಾರದಷ್ಟು ಚುರುಕು. ಈ ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 38 ಗ್ರಾಂ ಉಪ್ಪಿದೆ, ಬೇರೆ ಸಾಗರಗಳಲ್ಲಿ ಸಾಮಾನ್ಯವಾಗಿ 35ರ ಆಸುಪಾಸು. ಉಪ್ಪು ಹೆಚ್ಚಿದ್ದಷ್ಟೂ ತೇಲುವುದು ಸಲೀಸು. ತಂಗಿ ನನ್ನ ಬೆನ್ನಿನ ಕೆಳಗೆ ಅಂಗೈ ಇಟ್ಟು, ‘ಕತ್ತು ಬಿಗಿ ಹಿಡೀಬೇಡ, ಆಕಾಶ ನೋಡು’ ಎಂದಳು. ಕಿವಿ ನೀರೊಳಗೆ ಹೋಯಿತು. ಹೊರಗಿನ ಸದ್ದೆಲ್ಲ ನಿಂತು ನನ್ನ ಉಸಿರೊಂದೇ ಕೇಳಿಸುತ್ತಿತ್ತು. ಅವಳು ಯಾವಾಗ ಕೈ ತೆಗೆದಳೋ ಗೊತ್ತಾಗಲಿಲ್ಲ. ಬೆನ್ನಿನ ಕೆಳಗೆ ಚಿಕ್ಕಮ್ಮ ಕಂಡ ಆಳವೇ ಇತ್ತು. ಅದು ನನ್ನನ್ನು ಎಳೆಯಲಿಲ್ಲ, ಹೊತ್ತುಕೊಂಡಿತ್ತು. ಅವಳಿಗೂ ಯಾರಾದರೂ ಹೀಗೆ ಬೆನ್ನಿಗೆ ಕೈ ಕೊಟ್ಟು ಕಲಿಸಿದ್ದರೆ, ಮನಸ್ಸು ಕೆಟ್ಟ ದಿನ ಅವಳು ಹೋಗಿ ಈಜಿ ಬರುತ್ತಿದ್ದಳೇನೋ. ನನ್ನ ತಂಗಿ ರಾತ್ರಿ ಪಾಳಿ ಮುಗಿಸಿ ಬರುವ ಹಾಗೆ.

ರಾತ್ರಿ ಅವ್ವನಿಗೆ ಫೋನ್ ಮಾಡಿದೆವು. ನೀರಿಗಿಳಿದದ್ದನ್ನು ತಂಗಿಯೇ ಹೇಳಿಬಿಟ್ಟಳು. ಬೈಗುಳಕ್ಕೆ ಕಾದೆವು. ಅವ್ವ ಬಹಳ ಹೊತ್ತು ಮಾತಾಡಲಿಲ್ಲ.

‘ಆಳ ಎಷ್ಟಿತ್ತು?’ ಎಂದಳು ಆಮೇಲೆ.

‘ಎರಡಾಳು ಇರಬೌದವ್ವ.’

ಮತ್ತೆ ಸುಮ್ಮನಾದಳು. ಹಿಂದೆ ಟಿವಿಯ ಸದ್ದು ಕೇಳುತ್ತಿತ್ತು. ಅದನ್ನು ಯಾರೋ ಆರಿಸಿದರು.

‘ಅಲ್ಲಿ ನನ್ನ ವಯಸ್ಸಿನೋರೂ ಇಳೀತಾರಾ?’ ಎಂದು ಕೇಳಿದಳು.