ಶಾಲೆ ತೆರೆಯುವ ವಾರ

ಸೇಲಂ ನಗರದಿಂದ ಉತ್ತರಕ್ಕೆ ಹೊರಟ ಹೆದ್ದಾರಿಯು ಓಮಲೂರನ್ನು ದಾಟಿ, ತೊಪ್ಪೂರು ಘಾಟಿಯನ್ನು ಏರಿ ಧರ್ಮಪುರಿಯನ್ನು ಸೇರುತ್ತದೆ. ಅಲ್ಲಿಂದ ಪಾಲಕ್ಕೋಡು, ರಾಯಕೋಟೆಗಳ ಮಾರ್ಗವಾಗಿ ಹೊಸೂರಿನತ್ತ ಸಾಗುವ ಪ್ರಯಾಣಿಕನ ಕಿವಿಗೆ ತಮಿಳು, ತೆಲುಗು, ಕನ್ನಡ ಮೂರೂ ಬೀಳುತ್ತವೆ. ಇದೆಲ್ಲವೂ ಒಂದು ಕಾಲಕ್ಕೆ ಸೇಲಂ ಜಿಲ್ಲೆಯೇ ಆಗಿತ್ತು. 1965ರಲ್ಲಿ ಧರ್ಮಪುರಿ, 2004ರಲ್ಲಿ ಕೃಷ್ಣಗಿರಿ ಬೇರೆ ಜಿಲ್ಲೆಗಳಾದವು. ಗಡಿಗಳು ಸರಿದವು, ಮನೆಮಾತು ಸರಿಯಲಿಲ್ಲ.

ಈ ಸೀಮೆಗೆ ಕನ್ನಡ ಹೊಸದಾಗಿ ಬಂದದ್ದಲ್ಲ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಒಂಬತ್ತನೆಯ ಶತಮಾನದಲ್ಲಿ ಇಲ್ಲಿ ಆಳಿದ ನೊಳಂಬರು ಕನ್ನಡದಲ್ಲಿಯೇ ಶಾಸನಗಳನ್ನು ಹಾಕಿಸಿದರು. ಪೆಣ್ಣಾಗರದ ಆಚೆ ಕಾವೇರಿ ಧುಮುಕುವ ಹೊಗೇನಕಲ್ಲಿನ ಹೆಸರಿನಲ್ಲಿ ಹೊಗೆಯೂ ಕಲ್ಲೂ ಇಂದಿಗೂ ಕನ್ನಡದವೇ.

ಹಳೆಯ ಸೇಲಂ ಸೀಮೆಯ ಈ ಉತ್ತರದ ಅಂಚಿನಲ್ಲಿ ಜೂನ್ ತಿಂಗಳು ಬಂದಿತೆಂದರೆ ಕನ್ನಡ ಪ್ರಾಥಮಿಕ ಶಾಲೆಗಳಿಗೆ ಬಿಡುವಿಲ್ಲದ ವಾರವೊಂದು ಒದಗುತ್ತದೆ. ಸೋಮವಾರ ದಾಖಲಾತಿ. ಜನನ ಪ್ರಮಾಣಪತ್ರ, ಆಧಾರ್ ಹಿಡಿದು ಬಂದ ತಾಯಂದಿರು ಜಗಲಿಯಲ್ಲಿ ಕಾದಿರುತ್ತಾರೆ. ಮರುದಿನ ಪುಸ್ತಕದ ಕಟ್ಟುಗಳನ್ನು ಬಿಚ್ಚಿ, ಕನ್ನಡದ ಗಣಿತ, ಪರಿಸರ ಪುಸ್ತಕಗಳು ಎಲ್ಲ ಮಕ್ಕಳಿಗೂ ಸಾಲುವವೇ ಎಂದು ಎಣಿಸಬೇಕು. ಬೆಳಗಿನ ಉಪಾಹಾರಕ್ಕೂ ಮಧ್ಯಾಹ್ನದ ಊಟಕ್ಕೂ ಮಕ್ಕಳ ಲೆಕ್ಕ ಕೊಡಬೇಕು. ವಾರದ ನಡುವೆ ಒಂದನೆಯ ತರಗತಿಯ ಮಗುವಿಗೆ ಎರಡು ಲಿಪಿಗಳ ಪರಿಚಯ ಆರಂಭವಾಗುತ್ತದೆ. 2006ರ ಕಾಯಿದೆಯು ತಮಿಳು ಕಲಿಕೆಯನ್ನು ಕಡ್ಡಾಯಗೊಳಿಸಿದೆ. ತಮಿಳಿನ ವಿಶಿಷ್ಟ ಳಕಾರವನ್ನು ನುಡಿಯಲು ಕನ್ನಡದ ಮಗು ಮೊದಮೊದಲು ತಡವರಿಸುವುದುಂಟು. ಆದರೆ ಆ ಧ್ವನಿ ಪರಕೀಯವಲ್ಲ. ನೊಳಂಬರ ಕಾಲದ ಕನ್ನಡದಲ್ಲಿ ಅದು ೞ ಎಂಬ ಅಕ್ಷರವಾಗಿಯೇ ಇತ್ತು, ಬಳಿಕ ಮರೆಯಾಯಿತು. ನೆರೆಯ ಭಾಷೆಯನ್ನು ಕಲಿಯುವ ಮಗು ತನ್ನ ಭಾಷೆಯ ಕಳೆದುಹೋದ ಅಕ್ಷರವನ್ನೂ ನುಡಿಯುತ್ತದೆ.

ವಾರದ ಕೊನೆಯಲ್ಲಿ ಶಾಲಾ ನಿರ್ವಹಣಾ ಸಮಿತಿ ಸೇರಿದಾಗ ಮುಖ್ಯ ಪ್ರಶ್ನೆ ಒಂದೇ: ಒಂದನೆಯ ತರಗತಿಗೆ ಎಷ್ಟು ಮಕ್ಕಳು ಬಂದರು? ಪ್ರಶ್ನೆ ಸಣ್ಣದಲ್ಲ. 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನವು ಒಂದು ಅಳತೆಯನ್ನು ಒಪ್ಪಿತು. ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಒದಗಿಸಬೇಕು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದಿತು. ಆದರೆ ವಿಧಿಯು ಸೌಲಭ್ಯವನ್ನು ಕೇಳಬಲ್ಲದೇ ಹೊರತು ಮಗುವನ್ನು ಕೈಹಿಡಿದು ಶಾಲೆಗೆ ತರಲಾರದು. ಹತ್ತನೆಯ ಮಗು ಬಾರದಿದ್ದರೆ ಒಂಬತ್ತು ಮಕ್ಕಳ ಪರವಾದ ವಾದವೂ ದುರ್ಬಲವಾಗುತ್ತದೆ.

ಆ ಹತ್ತನೆಯ ಮಗುವಿನ ಮನೆಯ ಮುಂದೆ ಖಾಸಗಿ ಇಂಗ್ಲಿಷ್ ಶಾಲೆಯ ವ್ಯಾನು ನಿಂತಿರುತ್ತದೆ. ತಂದೆತಾಯಿಯರ ಅಂಜಿಕೆಯನ್ನು ಹಗುರವಾಗಿ ಕಾಣಲಾಗದು. ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮ ಹತ್ತಿರದಲ್ಲಿ ಸಿಗುವುದೇ, ಮುಂದೆ ಉದ್ಯೋಗಕ್ಕೆ ಯಾವ ಭಾಷೆ ಒದಗೀತು ಎಂಬ ಪ್ರಶ್ನೆಗಳು ನ್ಯಾಯವಾದವುಗಳೇ. ಅವುಗಳಿಗೆ ಉಪದೇಶ ಉತ್ತರವಲ್ಲ. ಚೆನ್ನಾಗಿ ಓದಲು, ಲೆಕ್ಕ ಮಾಡಲು, ತಮಿಳಿನಲ್ಲಿಯೂ ಅಳುಕದೆ ಮಾತನಾಡಲು ಕಲಿತ ಐದನೆಯ ತರಗತಿಯ ಮಗುವೇ ಉತ್ತರ. ಶಿಕ್ಷಣ ಹಕ್ಕು ಕಾಯಿದೆಯು ಈ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸ್ಥಾನಗಳನ್ನು ಪೋಷಕರಿಗೇ ಕೊಟ್ಟಿದೆ, ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ. ಶಿಕ್ಷಕರ ಕೊರತೆಯನ್ನು ಲಿಖಿತವಾಗಿ ಕೇಳುವ, ಕೇಳಿದ್ದಕ್ಕೆ ಸ್ವೀಕೃತಿ ಪಡೆಯುವ ಅಧಿಕಾರವನ್ನು ಅವರು ಬಳಸಬೇಕು.

ಶನಿವಾರ ಸಂಜೆ ಹಾಜರಿ ಪುಸ್ತಕದಲ್ಲಿ ಹೆಸರುಗಳು ಮೂಡಿರುತ್ತವೆ. ಒಂಬತ್ತಕ್ಕೆ ನಿಂತಿದ್ದರೆ, ಭಾನುವಾರ ಇನ್ನೊಂದು ಮನೆಯ ಬಾಗಿಲು ತಟ್ಟಲು ಸಮಯ ಉಳಿದಿದೆ.