ಟಂಕಸಾಲೆಯ ಕನ್ನಡಿ ನಾಣ್ಯ

ಮುಂಬಯಿಯ ಕೋಟೆ ಪ್ರದೇಶದಲ್ಲಿ, ರಿಸರ್ವ್ ಬ್ಯಾಂಕಿನ ಎದುರಿಗೆ, ಎತ್ತರದ ಕಂಬಗಳ ಹಳೆಯ ಕಟ್ಟಡವೊಂದಿದೆ. 1820ರ ದಶಕದಲ್ಲಿ ಕಟ್ಟಲು ತೊಡಗಿದ ಟಂಕಸಾಲೆ ಅದು. ಅಲ್ಲಿ ನಾಣ್ಯ ಎರಡು ಬಗೆಯಲ್ಲಿ ಹುಟ್ಟುತ್ತದೆ. ಸಂತೆಗೆ ಹೊರಟದ್ದಕ್ಕೆ ಒಂದೇ ಪೆಟ್ಟು. ರಾಶಿಗೆ ಬಿದ್ದು, ಒಂದಕ್ಕೊಂದು ತಾಗಿ ಚೀಲ ಸೇರುತ್ತದೆ. ಸಂಗ್ರಾಹಕರಿಗಾಗಿ ಮಾಡುವ 'ಪ್ರೂಫ್' ನಾಣ್ಯಕ್ಕೋ ಮೆರುಗು ಕೊಟ್ಟ ಬಿಲ್ಲೆ, ಮೆರುಗು ಕೊಟ್ಟ ಅಚ್ಚು, ಒಂದಕ್ಕಿಂತ ಹೆಚ್ಚು ಪೆಟ್ಟು. ಹಿನ್ನೆಲೆ ಕನ್ನಡಿಯಂತೆ ಮುಖ ತೋರಿಸುತ್ತದೆ; ಮೇಲಿನ ಸಿಂಹಗಳು ಮಾತ್ರ ಮಂಜು ಕವಿದಂತೆ ಮಸುಕು. ಇಸವಿಯ ಕೆಳಗೂ ನೋಡಬೇಕು: ಮುಂಬಯಿಯ ಸಾಮಾನ್ಯ ನಾಣ್ಯದಲ್ಲಿ ವಜ್ರಾಕೃತಿ, 1996ರಿಂದೀಚಿನ ಪ್ರೂಫ್‌ನಲ್ಲಿ ಇಂಗ್ಲಿಷಿನ 'ಎಂ'. ಚಿಲ್ಲರೆಯಲ್ಲಿ ಥಳಥಳಿಸುವ ರೂಪಾಯಿ ಬಹುತೇಕ ಹೊಸದಷ್ಟೆ. ಮಕ್ಕಳು ಹುಣಸೆಹಣ್ಣಿನಲ್ಲಿ ತಿಕ್ಕಿದರೆ ಅದು ಪ್ರೂಫ್ ಆಗದು; ಹಳೆಯ ನಾಣ್ಯವಾಗಿದ್ದರೆ ಸಂಗ್ರಾಹಕರು ಕೊಡುತ್ತಿದ್ದ ಬೆಲೆಯೂ ಇಳಿದೀತು.