ಅ ಆ ಬಿಟ್ಟು ರ ಗ ಸ ದ!

ಜುಲೈ ಬಂತೆಂದರೆ ನಮ್ಮ ಶಾಲೆಯ ಬಾಗಿಲಿಗೆ ಒಂದನೇ ತರಗತಿ ಮಕ್ಕಳ ಅಪ್ಪ-ಅಮ್ಮಂದಿರು ಒಬ್ಬೊಬ್ಬರಾಗಿ ಬರತೊಡಗುತ್ತಾರೆ. ಎಲ್ಲರದೂ ಒಂದೇ ದೂರು: ‘ಟೀಚರ್, ಶಾಲೆಗೆ ಸೇರಿಸಿ ತಿಂಗಳ ಮೇಲಾಯಿತು. ಮಗೂಗೆ ಇನ್ನೂ ಅ ಆ ಇ ಈ ಬಂದಿಲ್ಲವಲ್ಲ?’

ಬಂದಿಲ್ಲ, ನಿಜ. ನಮ್ಮ ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಯಲ್ಲಿ ಅಕ್ಷರಾಭ್ಯಾಸ ಶುರುವಾಗುವುದೇ ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ. ಹಾಡು, ಕತೆ, ಆಟ, ಗೆರೆ ಎಳೆಯುವ ಸಿದ್ಧತೆಗಳೆಲ್ಲ ಮುಗಿದು, ಈ ತಿಂಗಳು ನಮ್ಮ ಪುಟಾಣಿಗಳು ಈ ಐದರ ಜತೆ ಗುದ್ದಾಡುತ್ತಿದ್ದಾರೆ.

ಇದೇನು ತಲೆಕೆಳಗಾದ ಪಾಠ ಎನ್ನಬೇಡಿ. ರ ಬರೆದು ಪಳಗಿದ ಕೈಗೆ ದ, ಸ ಗಳ ದುಂಡು ಬೇಗ ಒಗ್ಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಅ ಆ ಇ ಈ ಕಲಿತ ಮಗು ಆ ನಾಲ್ಕರಿಂದ ಯಾವ ಪದ ಓದೀತು? ಈ ಐದರಿಂದಾದರೋ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲವನ್ನೂ ಓದಬಹುದು. ಕಾಗುಣಿತದ, ಒತ್ತಕ್ಷರದ ಗೊಡವೆಯೇ ಇಲ್ಲ. ಮುಂದಿನ ಗುಂಪಿನ ಜ, ವ, ಮ, ಬ, ನ ಸೇರಿಕೊಂಡರೆ ಮರ, ದನ, ಜನ, ಬಸವ, ನಗರ! ಹತ್ತು ಅಕ್ಷರದಲ್ಲಿ ಒಂದು ಊರೇ ಎದ್ದು ನಿಲ್ಲುತ್ತದೆ.

ಹಾಗೆಂದು ವರ್ಣಮಾಲೆಯ ಕ್ರಮವನ್ನು ಹಳಿಯುತ್ತಿಲ್ಲ. ಕ ವರ್ಗ ಗಂಟಲಿನ ಬಳಿ ಹೊರಟು ಪ ವರ್ಗದ ಹೊತ್ತಿಗೆ ತುಟಿಗೆ ಬರುವ ಆ ಜೋಡಣೆ ಎಷ್ಟು ಸೊಗಸು! ನಿಘಂಟು ನೋಡಲು ಅದು ಬೇಕೇ ಬೇಕು. ಆದರೆ ಒಂದು ಪದ ಓದುವ ಖುಷಿಗಾಗಿ ಆರು ವರ್ಷದ ಮಗು ಙ, ಞ ತಿದ್ದುತ್ತ 49 ಅಕ್ಷರ ಮುಗಿಯುವ ತನಕ ಕಾಯಬೇಕೆ?

ನಲಿ-ಕಲಿ ಮೊದಲು ಶುರುವಾದದ್ದು 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ. ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳ ಕ್ರಮ ಅದಕ್ಕೆ ಪ್ರೇರಣೆ. 2009ರ ನಂತರ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಒಂದರಿಂದ ಮೂರರವರೆಗಿನ ಮಕ್ಕಳು ಒಟ್ಟಿಗೆ ಗುಂಪಾಗಿ ಕೂರುತ್ತಾರೆ. ಗೋಡೆಯ ಮೇಲಿನ ಕಲಿಕಾ ಏಣಿ ನೋಡಿ, ತನ್ನ ಮೆಟ್ಟಿಲಿನ ಕಾರ್ಡನ್ನು ಮಗುವೇ ತೆಗೆದುಕೊಳ್ಳುತ್ತದೆ.

ಇದರ ಬೆಲೆ ತಿಳಿಯುವುದು ಶಾಲೆ ತಪ್ಪಿಸಿಕೊಂಡ ಮಗು ಮರಳಿ ಬಂದಾಗ. ಒಮ್ಮೆ ಒಬ್ಬ ಹುಡುಗ, ಕಬ್ಬು ಕಡಿಯಲು ಹೋದ ಅಪ್ಪ-ಅಮ್ಮನ ಜತೆ ಹೋಗಿ ಎರಡು ತಿಂಗಳು ಬಿಟ್ಟು ಬಂದ. ಪಾಠ ಒಂದೇ ಓಟದಲ್ಲಿ ಸಾಗುವ ತರಗತಿಯಾಗಿದ್ದರೆ ಅವನ ಜಾಗ ಕೊನೆಯ ಸಾಲು. ಆಮೇಲೆ ಶಾಲೆಯ ಹೊರಗೆ. ಇಲ್ಲಿ ಅವನು ಬಿಟ್ಟು ಹೋಗಿದ್ದ ಕಾರ್ಡನ್ನೇ ಹುಡುಕಿ ತೆಗೆದ. ಎರಡನೇ ತರಗತಿಯ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂತು ಹೇಳಿಕೊಟ್ಟಳು. ಯುಗಾದಿಯ ಹೊತ್ತಿಗೆ ಪದಗಳನ್ನು ತಾನೇ ಓದುತ್ತಿದ್ದ.

ಎಲ್ಲ ಕಡೆ ಹೀಗೇ ಸುಸೂತ್ರ ಎಂದರೆ ಸುಳ್ಳಾದೀತು. ಮಕ್ಕಳು ಹೆಚ್ಚಿದ್ದು ಟೀಚರ್ ಒಬ್ಬರೇ ಆದರೆ, ಕಾರ್ಡುಗಳು ಹರಿದು ಕಳೆದು ಹೋಗಿದ್ದರೆ, ‘ನಲಿ’ ಉಳಿದು ‘ಕಲಿ’ ಮಾಯವಾಗುತ್ತದೆ. ಆ ಬಗ್ಗೆ ಶಾಲೆಗೆ ಬಂದು ಕೇಳಿ. ಕೇಳುವ ಹಕ್ಕು ನಿಮಗಿದೆ.

ಮನೆಯಲ್ಲಿ ಮಾತ್ರ ‘ಅ ಆ ಹೇಳು’ ಎಂದು ಗದರಿಸಬೇಡಿ. ‘ಇವತ್ತು ಯಾವ ಪದ ಓದಿದೆ?’ ಎಂದು ಕೇಳಿ. ಕೈಗೊಂದು ಸೀಮೆಸುಣ್ಣ ಕೊಡಿ, ನೆಲ ಹಾಳಾಗುವುದಿಲ್ಲ. ‘ನನಗೇ ಓದು ಬರಲ್ಲವಲ್ಲ’ ಎಂದು ಸಂಕೋಚಪಟ್ಟ ತಾಯಿಯೊಬ್ಬರಿಗೆ, ‘ಹಾಗಾದರೆ ಮಗಳ ಹತ್ತಿರವೇ ಹೇಳಿಸಿಕೊಳ್ಳಮ್ಮ’ ಎಂದೆ. ಮಾರನೆಯ ದಿನ ಆ ಪುಟ್ಟಿ ಬಂದು, ‘ಟೀಚರ್, ಅಮ್ಮಂಗೆ ಸರ ಬರೆಯೋದು ಕಲಿಸಿದೆ’ ಎಂದು ಬೀಗಿದಳು.

ಅ ಆ ಇ ಈ ಎಲ್ಲಿ ಹೋದೀತು? ಅಕ್ಷರಗಳೆಲ್ಲ ಪರಿಚಯವಾದ ಮೇಲೆ ವರ್ಣಮಾಲೆ ತಾನಾಗಿ ಬಾಯಿಗೆ ಬರುತ್ತದೆ. ಅಲ್ಲಿಯವರೆಗೆ ಸ್ವಲ್ಪ ತಾಳ್ಮೆ ಇರಲಿ.